ಉಳಿ ಹಿಡಿದ ನೀಲಮ್ಮ

ಹಾಸನದ ಬಸ್ ಸ್ಟ್ಯಾಂಡಿನಿಂದ ಹೊಳೆನರಸೀಪುರದ ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಕಂಡಕ್ಟರ್ ಸೀಟಿಯನ್ನು ಬಾಯಿಗಿಟ್ಟಾಗಿತ್ತು. ಅಷ್ಟರಲ್ಲಿ ಬೆಳ್ಳಗಿನ, ಎತ್ತರದ, ಗಂಡಸರಂತೆ ಕೂದಲು ಕತ್ತರಿಸಿಕೊಂಡಿದ್ದ ವಿದೇಶಿ ಹೆಂಗಸೊಬ್ಬರು ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲೂ ಇನ್ನೊಂದನ್ನು ನೆಲದ ಮೇಲೂ ಊರಿ, "ಏಯ್, ವಸಿ ತಡಿಯೋ! ನಮ್ಮವ್ವ ಅತ್ಬೇಕು. ವಯಸ್ಸಾದೋರು ಕಣ್ಲಾ, ಕಾಣಾಕಿಲ್ವಾ?" ಎಂದು ಗದರಿದರು. ಇಡೀ ಬಸ್ಸು ತಿರುಗಿ ನೋಡಿತು. ಕಂಡಕ್ಟರನ ಬಾಯಿಂದ ಸೀಟಿ ಜಾರಿ ಕೊರಳಿನ ದಾರಕ್ಕೆ ಜೋತುಬಿತ್ತು. ಹಿಂದಿನಿಂದ ನನ್ನ ಅತ್ತೆ ಕೆಂಪಮ್ಮ, ಏನೂ ವಿಶೇಷ ನಡೆದೇ ಇಲ್ಲವೆಂಬಂತೆ ನಿಧಾನವಾಗಿ ಹತ್ತಿ ಬಂದು, "ವಸಿ ಜರುಗಪ್ಪ" ಎಂದು ಕಿಟಕಿಯ ಪಕ್ಕ ಕೂತರು. ಅವರಿಬ್ಬರ ಹಿಂದೆ ಚೀಲ ಹೊತ್ತುಕೊಂಡು ಹತ್ತಿದ ನನಗೆ ನಗು ತಡೆಯಲಾಗಲಿಲ್ಲ.

ಅವರೇ ನಮ್ಮ ನೀಲಮ್ಮ. ನಿಜವಾದ ಹೆಸರು ನೆಲಿದಾ. ಅರ್ಜೆಂಟೀನಾ ದೇಶದಲ್ಲಿ ಒಂದು ದೊಡ್ಡ ಹೊಳೆಯ ದಂಡೆಯ ಮೇಲಿರುವ ರೊಸಾರಿಯೋ ಎಂಬ ಪಟ್ಟಣದವರು. ನಮ್ಮ ಅತ್ತೆ ಆ ಹೆಸರನ್ನು ಒಂದೇ ಒಂದು ಸಲ ಹೇಳಲು ಪ್ರಯತ್ನಿಸಿ, "ಇದ್ಯಾಕೋ ನಾಲ್ಗೆ ಮ್ಯಾಲೆ ನಿಲ್ಲಾಕಿಲ್ಲ. ನೀಲಮ್ಮ ಅಂದ್ರಾಯ್ತು ಬುಡು" ಎಂದು ತೀರ್ಮಾನಿಸಿಬಿಟ್ಟಿದ್ದರು. ಊರೆಲ್ಲ ಹಾಗೇ ಕರೆಯಿತು. ಕೊನೆಕೊನೆಗೆ ಅವರೂ ಫೋನಿನಲ್ಲಿ "ಅಲೋ, ನಾನು ನೀಲಮ್ಮ ಕಣವ್ವ" ಎಂದೇ ಮಾತು ಶುರುಮಾಡುತ್ತಿದ್ದರು.

ನಾನು ಜಯಾ, ಅರಕಲಗೂಡಿನಿಂದ ಮೊಸಳೆ ಎಂಬ ಈ ಊರಿಗೆ ಸೊಸೆಯಾಗಿ ಬಂದವಳು. ಊರಿನ ಅಂಚೆ ಕಚೇರಿಯ ಕೆಲಸ ನನ್ನದು. ಕಚೇರಿ ಎಂದರೆ ದೊಡ್ಡ ಕಟ್ಟಡವೇನಲ್ಲ, ನಮ್ಮ ಮನೆಯ ಜಗುಲಿಗೆ ಸೇರಿದ ಒಂದು ಕೋಣೆ, ಒಂದು ಮೇಜು, ಗೋಡೆಗೆ ಕೆಂಪು ಡಬ್ಬಿ. ಒಂದು ದಿನ ಮಧ್ಯಾಹ್ನ ಬಣ್ಣದ ಕಲೆಗಳಿದ್ದ ಕ್ಯಾನ್ವಾಸ್ ಚೀಲ ಹೆಗಲಿಗೆ ಹಾಕಿಕೊಂಡು ಬಂದ ಆ ಹೆಂಗಸು ತಮ್ಮ ತಾಯಿಗೆ ಬರೆದ ಕಾಗದವೊಂದನ್ನು ಮೇಜಿನ ಮೇಲಿಟ್ಟರು. ಅರ್ಜೆಂಟೀನಾಕ್ಕೆ ಎಷ್ಟು ಸ್ಟಾಂಪು ಹಚ್ಚಬೇಕೆಂದು ನನಗೆ ಗೊತ್ತಿರಲಿಲ್ಲ. ಹಾಸನದ ಕಚೇರಿಗೆ ಫೋನು ಮಾಡಿ ಕೇಳಿಕೊಳ್ಳುವಷ್ಟರಲ್ಲಿ ಅತ್ತೆ ಒಳಗಿನಿಂದ ಮಜ್ಜಿಗೆ ತಂದುಕೊಟ್ಟರು. ಅವರು ಕುಡಿದು, ಲೋಟ ಕೆಳಗಿಟ್ಟು, ಅಂಚೆ ಕೋಣೆಯ ಪಕ್ಕದಲ್ಲಿ ಖಾಲಿ ಬಿದ್ದಿದ್ದ ಕೋಣೆಯ ಕಡೆ ನೋಡಿ, "ಇಲ್ಲಿ ಯಾರಿದ್ದಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅಲ್ಲಿಂದ ಆರೇಳು ವರ್ಷ ಪ್ರತಿ ದೀಪಾವಳಿ ಕಳೆದ ಮೇಲೆ ಬಂದು ಯುಗಾದಿಯ ಹೊತ್ತಿಗೆ ಹೊರಡುವವರೆಗೂ ಆ ಕೋಣೆ ಅವರದಾಯಿತು.

ಕನ್ನಡವನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ, ನನ್ನಿಂದಲೂ ಅಲ್ಲ. ಅತ್ತೆಯ ಪಕ್ಕ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕಲಿತರು. ಅತ್ತೆಗೆ ಬಹುವಚನದ ಬಳಕೆ ಕಡಿಮೆ, ಹಾಗಾಗಿ ನೀಲಮ್ಮನಿಗೆ "ನೀವು" ಎಂಬ ಪದ ಇದೆ ಎಂಬುದೇ ತಿಳಿಯದೆ ಎರಡು ವರ್ಷ ಕಳೆಯಿತು. ವಿದೇಶಿಯರು ಉಳಿದುಕೊಂಡರೆ ಕೊಡಬೇಕಾದ ಅರ್ಜಿಯನ್ನು ಕೊಡಲು ಹಾಸನಕ್ಕೆ ಹೋದಾಗ ಅಲ್ಲಿನ ಅಧಿಕಾರಿಗೆ, "ನೋಡಪ್ಪ, ವಸಿ ಬಿರ್ನೆ ಮಾಡ್ಕೊಡು, ನಂಗೆ ಒಲದ ಕಡೆ ಕೆಲ್ಸೈತೆ" ಎಂದಿದ್ದರು. ಆತ ಪೆನ್ನು ಕೆಳಗಿಟ್ಟು, ಅಕ್ಕಪಕ್ಕದ ಮೇಜಿನವರನ್ನೆಲ್ಲ ಕರೆದು, "ಇನ್ನೊಂದ್ಸಲ ಹೇಳಿ ಮೇಡಂ" ಎಂದು ಕೇಳಿ ನಕ್ಕು, ಕೆಲಸ ಮಾಡಿಕೊಟ್ಟಿದ್ದ.

ಅವರ ಕೈಯಲ್ಲಿ ಯಾವಾಗಲೂ ಬಿಸಿನೀರಿನ ಫ್ಲಾಸ್ಕು, ಒಂದು ಪುಟ್ಟ ಸೋರೆಬುರುಡೆ, ಅದಕ್ಕೊಂದು ಲೋಹದ ನಳಿಗೆ. ಬುರುಡೆಯೊಳಗೆ ತಮ್ಮ ದೇಶದ ಹಸಿರು ಸೊಪ್ಪಿನ ಪುಡಿ ತುಂಬಿ, ಬಿಸಿನೀರು ಹುಯ್ದು ನಳಿಗೆಯಿಂದ ಹೀರುತ್ತಿದ್ದರು. ಊರಿನ ಕೆಲವರು ಅದು ಭಂಗಿ ಸೊಪ್ಪೇ ಇರಬೇಕೆಂದು ಗುಸುಗುಸು ಮಾಡಿದರು. ಅತ್ತೆ ಒಂದು ದಿನ ನಳಿಗೆಯನ್ನು ತಾವೇ ಇಸಿದುಕೊಂಡು ಹೀರಿ, ಮುಖ ಕಿವುಚಿ, "ಥೂ, ಬೇವಿನ ಕಸಾಯ ಇದ್ದಂಗೈತೆ. ಇದ್ರಲ್ಲಿ ಯಾವ ಅಮಲೂ ಇಲ್ಲ, ಓಗ್ರೋ" ಎಂದು ಜಗುಲಿಯಲ್ಲಿ ನಿಂತು ಸಾರಿದ ಮೇಲೆ ಆ ಮಾತು ನಿಂತಿತು.

ಬಂದ ಹೊಸದರಲ್ಲಿ ಅವರು ಚಿತ್ರ ಬರೆಯುವವರು. ಅವರ ಅಪ್ಪ ಬಸ್ಸು, ಲಾರಿಗಳ ಮೈಮೇಲೆ ಹೂಬಳ್ಳಿ, ಅಕ್ಷರ ಬರೆದು ಸಂಸಾರ ಸಾಕಿದವರಂತೆ. ಅವರ ಕುಂಚ ತೊಳೆದುಕೊಡುತ್ತಲೇ ಮಗಳು ಕೈ ಕಲಿತಳು. ಮುಂದೆ ಕಲಾಶಾಲೆಗೆ ಹೋಗಿ, ಅಲ್ಲಿಯೇ ಮೇಡಂ ಆಗಿ, ರಾಜಧಾನಿಯಲ್ಲಿ ಪ್ರದರ್ಶನಗಳನ್ನು ಮಾಡಿ ಹೆಸರು ಗಳಿಸಿದ್ದರು. ಒಂದು ಪ್ರದರ್ಶನದ ಪುಸ್ತಕವನ್ನು ನನಗೆ ತೋರಿಸಿದ್ದರು. ಪುಟ ತಿರುವಿದರೆ ಬರೀ ಬಾಗಿಲುಗಳು. ಮುಚ್ಚಿದ ಬಾಗಿಲು, ಅರೆ ತೆರೆದ ಬಾಗಿಲು, ಚಿಲಕ ಕಿತ್ತುಹೋದ ಬಾಗಿಲು. ಮೂವತ್ತು ವರ್ಷ ಅವರು ಅದನ್ನೇ ಬರೆದಿದ್ದರು. "ಮನುಷ್ಯರು ಯಾಕಿಲ್ಲ?" ಎಂದು ಕೇಳಿದ್ದೆ. "ಬರಾಕಿಲ್ಲ ಕಣವ್ವ" ಎಂದಿದ್ದರು. ಅವರಿಗೆ ಬಿಡಿಸಲು ಬರುವುದಿಲ್ಲ ಎಂದುಕೊಂಡೆ. ಆ ಮನುಷ್ಯರು ಬರುವುದಿಲ್ಲ ಎಂದು ಅವರು ಹೇಳಿದ್ದಿರಬಹುದು ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು.

ನಮ್ಮೂರಿನ ಜೋಡಿ ದೇವಸ್ಥಾನದ ಎದುರು ಮಡಚುವ ಸ್ಟೂಲು ಹಾಕಿಕೊಂಡು ಬೆಳಗ್ಗೆಯಿಂದ ಬಿಸಿಲೇರುವವರೆಗೆ ಬರೆಯುತ್ತಿದ್ದರು. ಒಂದೇ ಗೋಡೆಯನ್ನು ಹತ್ತು ಸಲ ಬರೆದು, ಹತ್ತನ್ನೂ ಗೋಡೆಗೆ ಒರಗಿಸಿ ನೋಡಿ, ತಲೆಯಲ್ಲಾಡಿಸುತ್ತಿದ್ದರು. ಬೇಜಾರಾದ ಒಂದು ದಿನ ಅತ್ತೆಯನ್ನೇ ಜಗುಲಿಯಲ್ಲಿ ಕೂರಿಸಿಕೊಂಡು ಬರೆದರು. ಚಿತ್ರ ಎಷ್ಟು ಚೆನ್ನಾಗಿ ಬಂತೆಂದರೆ ಬೀದಿಯವರೆಲ್ಲ ಬಂದು ನೋಡಿ ಹೋದರು. ಅತ್ತೆ ಮಾತ್ರ ಹಲಗೆಯ ಮುಂದೆ ನೋಡಿ, ಹಿಂದಕ್ಕೆ ಹೋಗಿ ಬಗ್ಗಿ ನೋಡಿ, "ಮುಂದ್ಗಡೆ ನಾನೇ ಕಣವ್ವ. ನನ್ ಬೆನ್ನೆಲ್ಲಿ? ಸೌದೆ ಒತ್ತಿದ್ದು ಇದ್ರಲ್ಲಲ್ವಾ" ಎಂದು ತಮ್ಮ ಬೆನ್ನು ತಟ್ಟಿ ತೋರಿಸಿದರು. ನಾವೆಲ್ಲ ನಕ್ಕೆವು. ನೀಲಮ್ಮ ನಗಲಿಲ್ಲ. ಅವತ್ತಿಡೀ ಕುಂಚ ಮುಟ್ಟಲಿಲ್ಲ.

ಮೂರನೆಯ ವರ್ಷ, ರಾಗಿ ಕೊಯ್ಲಿನ ಕಾಲ. ಅತ್ತೆಗೆ ಬುತ್ತಿ ತೆಗೆದುಕೊಂಡು ನಾನು, ನೀಲಮ್ಮ ಇಬ್ಬರೂ ಹೊಲಕ್ಕೆ ಹೋಗಿದ್ದೆವು. ನಮ್ಮ ಹೊಲದ ಬದುವಿನಲ್ಲಿ ಒಂದು ವೀರಗಲ್ಲು ಇದೆ. ಕೆಳಗಿನ ಸಾಲಿನಲ್ಲಿ ಕತ್ತಿ ಹಿಡಿದು ಕಾದಾಡುವವನು, ನಡುವಿನ ಸಾಲಿನಲ್ಲಿ ಅವನನ್ನು ಎತ್ತಿಕೊಂಡು ಹೋಗುವ ದೇವಕನ್ಯೆಯರು, ಮೇಲೆ ಅವನು ಶಿವನ ಮುಂದೆ ಕೈಮುಗಿದು ಕೂತಿರುವುದು. ಹುಟ್ಟಿದಾಗಿನಿಂದ ನೋಡುವವರಿಗೆ ಅದೊಂದು ಕಲ್ಲು. ನೀಲಮ್ಮ ಅದರ ಮುಂದೆ ನಿಂತುಬಿಟ್ಟರು.

"ಯಾರವ್ವ ಇವ್ನು?"

"ದನ ಒಡ್ಕಂಡೋಗೋರ್ಗೆ ಅಡ್ಡ ನಿಂತು ಸತ್ತೋನಂತೆ" ಎಂದರು ಅತ್ತೆ, ಮುದ್ದೆ ಮುರಿಯುತ್ತಾ.

"ಎಸ್ರೇನು?"

"ಯಾರಿಗ್ಗೊತ್ತವ್ವ? ಎಸ್ರು ಓಯ್ತು, ಕಲ್ಲೈತಲ್ಲ. ನಮ್ಮೋನೇ ಯಾರೋ. ಕುಯ್ಲಿನ ಕಾಲ್ದಲ್ಲಿ ಒಂದು ತೆನೆ ಮಡಗ್ತೀವಿ."

ನೀಲಮ್ಮ ಆ ಕಾದಾಡುವವನ ಎದೆಯ ಮೇಲೆ ಅಂಗೈ ಇಟ್ಟರು. ನಾವು ಊಟ ಮುಗಿಸಿ ಕೈ ತೊಳೆದರೂ ತೆಗೆದಿರಲಿಲ್ಲ.

ಮರುದಿನ ಜಗುಲಿಯಲ್ಲಿ ಮೂವರೂ ಅವರೆಕಾಯಿ ಬಿಡಿಸುತ್ತಿದ್ದಾಗ, ಯಾರೂ ಕೇಳದೆಯೇ, ಅವರು ತಮ್ಮ ಅಣ್ಣನ ಕಥೆ ಹೇಳಿದರು. ಗೊತ್ತಿದ್ದಷ್ಟನ್ನು ಕನ್ನಡದಲ್ಲಿ, ಗೊತ್ತಿಲ್ಲದ್ದನ್ನು ಇಂಗ್ಲಿಷಿನಲ್ಲಿ. ಅಣ್ಣನ ಹೆಸರು ರೌಲ್. ಮೇಷ್ಟರಾಗಲು ಓದುತ್ತಿದ್ದ, ಇಪ್ಪತ್ತೊಂದು ವರ್ಷ. ಆಗ ಅವರ ದೇಶದಲ್ಲಿ ಸೈನ್ಯದವರ ಆಡಳಿತ. ಒಂದು ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ಹದಿನೆಂಟು ವರ್ಷದ ನೆಲಿದಾ ಅಪ್ಪನಿಗೆ ಬಣ್ಣ ಕಲಸುತ್ತಿದ್ದವಳು ಹಾಗೇ ಎದ್ದು ಹೋಗಿ ತೆರೆದಳು. ನಾಲ್ಕು ಜನ. ಬಹಳ ಮರ್ಯಾದೆಯಿಂದ, "ರೌಲ್ ಮನೆಯಲ್ಲಿದ್ದಾನೆಯೇ?" ಎಂದು ಕೇಳಿದರು. ಇದ್ದಾನೆ ಎಂದಳು. ಕಾಫಿ ಲೋಟವನ್ನು ಮೇಜಿನ ಮೇಲೆ ಬಿಟ್ಟು ಹೊರಟ ಅವನು ಮತ್ತೆ ಬರಲಿಲ್ಲ. ಎಲ್ಲಿಟ್ಟರು, ಏನು ಮಾಡಿದರು, ದೇಹ ಎಲ್ಲಿ, ಒಂದೂ ಗೊತ್ತಾಗಲಿಲ್ಲ.

"ಬಾಗ್ಲು ತಗ್ದಿದ್ದು ನಾನು ಕಣವ್ವ" ಎಂದರು. ಅತ್ತೆಯ ಕನ್ನಡದಲ್ಲಿ, ಅತ್ತೆಯ ಧಾಟಿಯಲ್ಲಿ. ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡು, "ನಮ್ಮ ಮನೇಲಿ ಎಸ್ರೈತೆ. ಕಲ್ಲಿಲ್ಲ" ಎಂದರು.

ಅತ್ತೆ ಬಿಡಿಸಿದ ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿ ಅವರ ಕೈ ಹಿಡಿದುಕೊಂಡು ಕೂತರು.

ಅಣ್ಣನಿಗೊಂದು ಕಲ್ಲನ್ನು ಅವರ ದೇಶದಲ್ಲಿಯೇ ಕೆತ್ತಿಸಬಹುದಿತ್ತಲ್ಲ ಎಂದು ನನಗೆ ಅನಿಸಿತ್ತು. ಆಗುವ ಹಾಗಿರಲಿಲ್ಲ. ಅವರ ತಾಯಿ ಇನ್ನೂ ಇದ್ದರು, ತೊಂಬತ್ತರ ಹತ್ತಿರ. ಮಗ ಸತ್ತ ಎಂಬ ಮಾತನ್ನು ಆಕೆ ಯಾರ ಬಾಯಲ್ಲೂ ಬರಗೊಟ್ಟಿರಲಿಲ್ಲ. ಸರ್ಕಾರದ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ಅವನ ಮಂಚದ ಹೊದಿಕೆಯನ್ನು ತಿಂಗಳಿಗೊಮ್ಮೆ ಒಗೆದು ಹಾಸುತ್ತಿದ್ದರಂತೆ. ಅಂಥ ಮನೆಯಲ್ಲಿ ಅವನ ನೆನಪಿಗೆ ಕಲ್ಲು ಕಡೆಯುವುದೆಂದರೆ ಆ ತಾಯಿಯ ಕಣ್ಣೆದುರು ಮಗನನ್ನು ಹೂತಂತೆ.

ಆ ವಾರವೇ ನೀಲಮ್ಮ ಬಣ್ಣದ ಟ್ಯೂಬುಗಳನ್ನೆಲ್ಲ ಊರಿನ ಶಾಲೆಗೆ ಕೊಟ್ಟುಬಿಟ್ಟರು. ಯಾರೋ ಹೇಳಿದ ಗುರುತು ಹಿಡಿದು ಹಾಸನ, ಚನ್ನರಾಯಪಟ್ಟಣ ದಾಟಿ, ಬಸ್ಸು ಬದಲಿಸಿಕೊಂಡು ನುಗ್ಗೇಹಳ್ಳಿಗೆ ಹೋದರು. ಅಲ್ಲಿ ಪುಟ್ಟಾಚಾರ್ ಎಂಬ ಎಪ್ಪತ್ತು ದಾಟಿದ ಶಿಲ್ಪಿ ಇದ್ದರು. ದೇವರ ಮೂರ್ತಿ, ನಾಗರಕಲ್ಲು ಕೆತ್ತುವವರು. ನಾನೂ ಜೊತೆಗೆ ಹೋಗಿದ್ದೆ. ಆಚಾರ್ಯರು ನೀಲಮ್ಮನನ್ನು ಮೇಲಿಂದ ಕೆಳಗೆ ನೋಡಿ ನನ್ನ ಕಡೆ ತಿರುಗಿ, "ಫೋಟೋ ತಕ್ಕೊಂಡು ಓಗ್ಲಿ ಬುಡಮ್ಮ. ಕಲ್ಸೋದೆಲ್ಲ ಆಗಾಕಿಲ್ಲ" ಎಂದರು.

"ಫೋಟೋ ಬ್ಯಾಡ ಕಣಪ್ಪ. ಕೆಲ್ಸ ಕೊಡು" ಎಂದರು ನೀಲಮ್ಮ.

ಆಚಾರ್ಯರಿಗೆ ಕನ್ನಡ ಕೇಳಿ ಅಚ್ಚರಿಯಾಯಿತು. "ಏನ್ ಕೆಲ್ಸ ಗೊತ್ತು ನಿಮ್ಗೆ?"

"ಬಣ್ಣ."

"ಬಣ್ಣದೋರು ಆಕ್ತಾ ಓಗ್ತೀರಿ. ನಾವು ತಗೀತಾ ಓಗ್ತೀವಿ. ನಿಮ್ದ್ರಲ್ಲಿ ತಪ್ಪಾದ್ರೆ ಮ್ಯಾಲೆ ಇನ್ನೊಂದ್ಸಲ ಬಳಿಬೋದು. ಇಲ್ಲಿ ಓಗಿದ್ದು ಓಯ್ತು. ಅದ್ನ ತಡ್ಕಳಾಕಾಯ್ತದಾ?"

ಸ್ವಲ್ಪ ಯೋಚಿಸಿ ನೀಲಮ್ಮ, "ಅದೊಂದು ಗೊತ್ತೈತೆ" ಎಂದರು.

ಮೊದಲ ಎರಡು ತಿಂಗಳು ಆಚಾರ್ಯರು ಅವರ ಕೈಗೆ ಉಳಿ ಕೊಡಲೇ ಇಲ್ಲ. ಅಂಗಳದಲ್ಲಿ ಬಿದ್ದಿದ್ದ ಬಳಪದ ಕಲ್ಲುಗಳನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಕೇಳಿಸಿಕೊಳ್ಳುವುದು, ಅಷ್ಟೇ. ಕಂಚಿನಂತೆ ದನಿ ಬಂದರೆ ಒಳ್ಳೆಯ ಕಲ್ಲು, ಒಡಕು ಮಡಕೆಯಂತೆ ಬಂದರೆ ಒಳಗೆಲ್ಲೋ ಬಿರುಕು. ಸೋಮವಾರ ಹೋಗಿ ಶನಿವಾರ ಮೊಸಳೆಗೆ ಬರುತ್ತಿದ್ದ ಅವರು ನಮ್ಮ ಮನೆಯ ಒರಳು, ಮೆಟ್ಟಿಲು, ಬಚ್ಚಲ ಕಲ್ಲು ಎಲ್ಲವನ್ನೂ ತಟ್ಟಿ ನೋಡುತ್ತಿದ್ದರು. ನನ್ನ ಗಂಡ, "ಅಕ್ಕಾ, ಮನೆ ಬಿದ್ದೋದಾತು" ಎಂದು ರೇಗಿಸುತ್ತಿದ್ದರು. ಬರುಬರುತ್ತಾ ಅವರ ಬೆರಳ ಸಂದಿಯ ಬಣ್ಣವೆಲ್ಲ ಹೋಗಿ ಬೂದಿಯಂಥ ಧೂಳು ಸೇರಿಕೊಂಡಿತು. ಹೆಬ್ಬೆರಳ ಉಗುರು ಎರಡು ಸಲ ಕಪ್ಪಾಗಿ ಉದುರಿತು. ಮುಂದಿನ ವರ್ಷಕ್ಕೆ ಚಿಕ್ಕ ಆನೆ, ಹೂವಿನ ಪಟ್ಟಿ ಕೆತ್ತುವಷ್ಟಾದರು. ಆಚಾರ್ಯರು ಹೊಗಳುವವರಲ್ಲ. "ಕೈ ಸುಮಾರಾಗಿ ಕೂತಾ ಐತೆ" ಎಂದು ನನ್ನ ಬಳಿ ಹೇಳಿದ್ದೇ ದೊಡ್ಡದು.

ಅದಾದ ಮೇಲೆ ಅವರು ರೌಲನ ಕಲ್ಲು ಹಿಡಿದರು. ಎದೆಯೆತ್ತರದ ಕಲ್ಲು. ಬೇರೆಲ್ಲ ಬಿಟ್ಟು ಮೊದಲು ಅವನ ಮುಖ ಮಾಡಲು ಹೋದರು. ಒಂದು ಶನಿವಾರ ಅವರು ಬರಲಿಲ್ಲ. ಆಚಾರ್ಯರೇ ಫೋನು ಮಾಡಿ, "ವಸಿ ಬಂದೋಗ್ರಮ್ಮ" ಎಂದರು. ಅತ್ತೆಯೂ ನಾನೂ ಹೋದೆವು. ಕಲ್ಲು ಕತ್ತಿನ ಹತ್ತಿರ ಸೀಳಿ ಎರಡಾಗಿ ಬಿದ್ದಿತ್ತು. ನೀಲಮ್ಮ ಅದರ ಪಕ್ಕ ನೆಲದ ಮೇಲೆ ಕೂತಿದ್ದರು. ಎರಡು ದಿನದಿಂದ ಊಟ ಬಿಟ್ಟಿದ್ದರಂತೆ.

"ಅವ್ನ ಮುಖ ಮರ್ತೋಗೈತೆ ಕಣವ್ವ" ಎಂದರು ಅತ್ತೆಗೆ. "ನಾನು ಮುದುಕಿ ಆದೆ. ಅವ್ನು ಇನ್ನೂ ಉಡುಗ. ಎಂಗಿದ್ದ ಅಂತ ನಂಗೆ ಕಾಣಾಕಿಲ್ಲ."

ಅವನದೆಂದು ಉಳಿದಿದ್ದದ್ದು ಒಂದೇ ಫೋಟೋ. ಅದು ತಾಯಿಯ ದಿಂಬಿನ ಕೆಳಗೆ. ಆಕೆ ಅದನ್ನು ಯಾರ ಕೈಗೂ ಕೊಡುವವರಲ್ಲ.

ಪುಟ್ಟಾಚಾರ್ಯರು ಒಡೆದ ತುಂಡನ್ನು ಎತ್ತಿ ನೋಡಿ, "ಕಲ್ಲಿಂದೂ ತಪ್ಪಲ್ಲ, ನಿಮ್ದೂ ತಪ್ಪಲ್ಲ. ಅವಸರ ಬಿದ್ರಿ. ಮೈಯೆಲ್ಲ ಆಗ್ಲಿ, ಮುಖ ಕಡೇಲಿ ಬತ್ತದೆ" ಎಂದು ಹೇಳಿ ಎದ್ದು ಒಳಗೆ ಹೋದರು. ಅತ್ತೆ ಬುತ್ತಿಯ ಗಂಟು ಬಿಚ್ಚಿ ತುತ್ತು ಕಲಸಿ, ಮಗುವಿಗೆ ತಿನ್ನಿಸುವಂತೆ ತಿನ್ನಿಸಿದರು.

ನೀಲಮ್ಮ ತಾಯಿಗೆ ವಾರಕ್ಕೊಂದು ಕಾಗದ ಬರೆಯುತ್ತಿದ್ದರು. ಮೊದಲೆಲ್ಲ ಕಾಗದದ ಜೊತೆ ಅಂಗೈಯಗಲದ ಒಂದು ಚಿತ್ರ ಇಡುತ್ತಿದ್ದರು. ಬಣ್ಣ ಬಿಟ್ಟ ಮೇಲೆ ಅದು ನಿಂತಿತ್ತು. ತಾಯಿಯಿಂದ ಕಾಗದ ಬಂತು. ನಡುಗುವ ಅಕ್ಷರ. ನನ್ನ ಮೇಜಿನ ಎದುರೇ ನಿಂತು ಓದಿ ನೀಲಮ್ಮ ಅರ್ಥ ಹೇಳಿದರು: ಚಿತ್ರ ಯಾಕೆ ಕಳಿಸುತ್ತಿಲ್ಲ? ಅಷ್ಟು ದೂರದಲ್ಲಿ ನೀನು ಏನು ಮಾಡುತ್ತಿದ್ದೀಯ?

"ಏನ್ ಬರೀಲಿ ಜಯಾ? ಕಣ್ಣು ನೋವು ಅಂತ ಬರ್ದುಬುಡ್ಲಾ?"

ನನಗೂ ಅದೇ ಸರಿ ಎನಿಸಿತು. ಒಳಗಿನಿಂದ ಕೇಳಿಸಿಕೊಂಡ ಅತ್ತೆ ಹೊರಗೆ ಬಂದರು. "ಎತ್ತೋಳ್ಗೆ ಸುಳ್ಳು ಬರೀಬ್ಯಾಡ. ಸತ್ತ ಅಂತನೂ ಬರೀಬ್ಯಾಡ. ಅಣ್ಣನ್ನ ನೆನೆಸ್ಕಂಡು ಕಲ್ಲು ಕಡೀತಾ ಇವ್ನಿ, ಮುಖ ಗ್ಯಾಪ್ನ ಬತ್ತಾ ಇಲ್ಲ ಅಂತ ಬರಿ. ಇರೋದ್ ಅಷ್ಟೇ ತಾನೆ?"

ಆ ಕಾಗದ ಬರೆಯಲು ನೀಲಮ್ಮನಿಗೆ ನಾಲ್ಕು ದಿನ ಹಿಡಿಯಿತು. ನಾನು ಮುದ್ರೆ ಒತ್ತುವಾಗ, "ಬ್ಯಾಡ, ಕೊಡು ವಾಪಸ್ಸು" ಎಂದು ಕೈ ಚಾಚಿ, ಆಮೇಲೆ ತಾವೇ ಕೈ ಹಿಂದಕ್ಕೆಳೆದುಕೊಂಡರು. ಒಂದು ತಿಂಗಳಾಯಿತು, ಎರಡಾಯಿತು, ಉತ್ತರ ಇಲ್ಲ. ತಾಯಿ ಪ್ರತಿ ಭಾನುವಾರ ಮಾಡುತ್ತಿದ್ದ ಫೋನೂ ನಿಂತಿತು. ನೀಲಮ್ಮ ನುಗ್ಗೇಹಳ್ಳಿಗೆ ಹೋಗುವುದನ್ನು ಬಿಟ್ಟು ಜಗುಲಿಯಲ್ಲಿ ಕೂತು ಟಪಾಲಿನ ಚೀಲ ಬರುವ ದಾರಿ ನೋಡುತ್ತಿದ್ದರು. ಇಷ್ಟು ವರ್ಷದ ಕೆಲಸದಲ್ಲಿ ಟಪಾಲಿನ ಚೀಲ ಬಿಚ್ಚಲು ನಾನು ಹೆದರಿದ್ದು ಆ ದಿನಗಳಲ್ಲಿ ಮಾತ್ರ.

ಯುಗಾದಿಗೆ ಇನ್ನೇನು ಹದಿನೈದು ದಿನವಿದೆ ಎನ್ನುವಾಗ ಬಂತು. ದಪ್ಪ ಲಕೋಟೆ, ರಿಜಿಸ್ಟರ್ಡ್. ಅವರ ಕೈಲಿ ಒಡೆಯಲಾಗದೆ ನನಗೇ ಕೊಟ್ಟರು. ಒಳಗೆ ಎರಡು ರಟ್ಟಿನ ನಡುವೆ ಒಂದು ಹಳೆಯ ಕಪ್ಪುಬಿಳುಪು ಫೋಟೋ. ತೆಳ್ಳನೆಯ ಹುಡುಗ, ಸ್ವಲ್ಪ ವಕ್ರ ನಗೆ, ಅಂಗಿಯ ಕಾಲರು ಒಂದು ಕಡೆ ಮೇಲೆದ್ದಿದೆ. ಜೊತೆಗೆ ಒಂದು ಚೀಟಿ, ಅದರಲ್ಲಿ ಒಂದೇ ಸಾಲು. ನೀಲಮ್ಮ ಅದನ್ನು ಓದಿ, ಜಗುಲಿಯ ಕಂಬಕ್ಕೆ ಒರಗಿ, ದನಿ ತೆಗೆದು ಅತ್ತರು. ಅತ್ತೆ, "ಏನಂತೆ, ಏನಂತೆ?" ಎಂದು ಕೇಳುತ್ತಲೇ ಇದ್ದರು. ಅಳು ಇಳಿದ ಮೇಲೆ ನೀಲಮ್ಮ ಹೇಳಿದರು: "ಎಡಗಡೆ ಉಬ್ಬಿನ ಮ್ಯಾಲೆ ಗಾಯದ ಗುರ್ತೈತೆ, ಮರೀಬ್ಯಾಡ ಅಂತ ಬರ್ದವ್ಳೆ ನಮ್ಮವ್ವ."

ಮುಂದಿನ ವರ್ಷ ಹೊಸ ಕಲ್ಲಿನ ಮೇಲೆ ಕೆಲಸ ಸರಾಗವಾಗಿ ನಡೆಯಿತು. ನಮ್ಮ ವೀರಗಲ್ಲಿನಂತೆಯೇ ಮೂರು ಸಾಲು. ಕೆಳಗೆ ಮೇಜು, ಪುಸ್ತಕ, ಕಾಫಿ ಲೋಟ, ಎದ್ದು ನಿಂತ ರೌಲ್. ಹುಬ್ಬಿನ ಮೇಲಿನ ಗಾಯದ ಗೆರೆಯನ್ನು ಎಷ್ಟು ನಯವಾಗಿ ತೆಗೆದಿದ್ದರೆಂದರೆ ಬೆರಳಿಟ್ಟರೆ ಮಾತ್ರ ತಿಳಿಯುವಂತಿತ್ತು. ನಡುವಿನ ಸಾಲಿನಲ್ಲಿ ಅವರೂರಿನ ದೊಡ್ಡ ಹೊಳೆ. ಮೇಲಿನದರಲ್ಲಿ ಅವನು ಮಕ್ಕಳ ನಡುವೆ ಕೂತು ಪಾಠ ಹೇಳುತ್ತಿದ್ದಾನೆ, ಅವನಿಗೆ ಸಿಗದೇ ಹೋದ ಶಾಲೆಯಲ್ಲಿ. ಪುಟ್ಟಾಚಾರ್ಯರು ನೋಡಿ, ಒಂದು ಕಡೆ ಉಳಿಯ ಗೀರು ಉಳಿದದ್ದನ್ನು ತಿದ್ದಿಸಿ, ಆಮೇಲೆ ನನ್ನ ಬಳಿ, "ಇದು ನನ್ ಕೈಲಿ ಆಗ್ತಿರ್ಲಿಲ್ಲ" ಎಂದರು. ನೀಲಮ್ಮ ಆ ಮಾತನ್ನು ನನ್ನಿಂದ ಮೂರು ಸಲ ಹೇಳಿಸಿಕೊಂಡರು.

ಕಲ್ಲು ನಮ್ಮ ಯಜಮಾನರ ಗೂಡ್ಸ್ ಆಟೋದಲ್ಲಿ ಹುಲ್ಲಿನ ಮೇಲೆ ಮಲಗಿ ಮೊಸಳೆಗೆ ಬಂತು. ಅಂಗಳದಲ್ಲಿ ಇಳಿಸಿ ನಿಲ್ಲಿಸಿದಾಗ ಅತ್ತೆ ಅದರ ಮುಂದೆ ಕೂತು ಒಂದೊಂದೇ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದರು. ಕೆಳಗಿನ ಸಾಲಿನ ಮೂಲೆಯಲ್ಲಿ ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟ ಒಬ್ಬ ಹುಡುಗಿ ಇದ್ದಳು. ಅವಳ ತಲೆ ತಗ್ಗಿತ್ತು, ಕೂದಲು ಮುಂದಕ್ಕೆ ಬಿದ್ದು ಮುಖ ಕಾಣುತ್ತಿರಲಿಲ್ಲ.

"ಇವ್ಳಿಗ್ಯಾಕೆ ಮುಖ ಇಲ್ಲ?"

ನೀಲಮ್ಮ ಮುಖ ಆಚೆ ತಿರುಗಿಸಿದರು.

"ನೀಲಾ, ಈ ಮಗೀಗೆ ಮುಖ ಮಾಡು" ಎಂದರು ಅತ್ತೆ. "ಬಾಗ್ಲು ಬಡುದ್ರೆ ಯಾರಾದ್ರೂ ತಗೀತಾರೆ. ನಾನೂ ತಗೀತೀನಿ, ಇವ್ಳೂ ತಗೀತಾಳೆ. ಬಂದೋರು ಪಾಪಿಗಳಾದ್ರೆ ತಗ್ದೋಳೇನ್ ಮಾಡಾಳು? ನಿಮ್ಮಣ್ಣ ಇದ್ದಿದ್ರೆ ತಂಗೀನ ಇಂಗೆ ತಲೆ ತಗ್ಗಿಸ್ಕಂಡು ನಿಲ್ಲಾಕೆ ಬುಡ್ತಿದ್ನಾ?"

ಅವತ್ತು ನೀಲಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನನಗೆ ಅತ್ತೆಯ ಮೇಲೆ ಸಿಟ್ಟು ಬಂದಿತ್ತು. ಮಾರನೆಯ ಬೆಳಗ್ಗೆ ಅಂಗಳದಲ್ಲಿ ಉಳಿಯ ಸದ್ದು ಕೇಳಿ ಎದ್ದೆ. ತಗ್ಗಿದ ತಲೆಯ ಆ ಕೂದಲಿನ ಕಲ್ಲಿನೊಳಗೇ ಒಂದು ಮುಖಕ್ಕೆ ಆಗುವಷ್ಟು ಜಾಗವಿತ್ತು. ಒಂಬತ್ತು ದಿನ ಅದರ ಮುಂದೆ ಕೂತರು. ಕೂದಲು ಹಿಂದಕ್ಕೆ ಸರಿಯಿತು, ಹಣೆ ಬಂತು, ಕಣ್ಣು ಬಂತು. ಹದಿನೆಂಟರ ಹುಡುಗಿ ತಲೆಯೆತ್ತಿ ಅಣ್ಣನನ್ನು ನೋಡುತ್ತಿದ್ದಳು.

ಅದನ್ನು ಎಲ್ಲಿ ನಿಲ್ಲಿಸುವುದೆಂಬ ಮಾತು ಬಂದಾಗ ಊರಿನ ಒಬ್ಬಿಬ್ಬರು, "ಯಾವ್ದೋ ದೇಶ್ದೋನ ಕಲ್ಲು ನಮ್ಮೂರಲ್ಯಾಕೆ?" ಎಂದರು. "ನನ್ ಒಲ, ನನ್ ಬದು" ಎಂದರು ಅತ್ತೆ. ಹಳೆಯ ವೀರಗಲ್ಲಿನ ಪಕ್ಕದಲ್ಲೇ ಗುಂಡಿ ತೋಡಿ ನಿಲ್ಲಿಸಿದೆವು. ಬೇಡ ಎಂದಿದ್ದವರಲ್ಲಿ ಒಬ್ಬ ತಾನೇ ಬಂದು ಹಾರೆ ಹಿಡಿದ.

ಆ ಯುಗಾದಿಗೇ ಅವರು ಹೊರಟದ್ದು. ತಾಯಿಗೆ ಏಳಲಾಗುತ್ತಿಲ್ಲವೆಂದು ಸುದ್ದಿ ಬಂದಿತ್ತು. ಬೆಂಗಳೂರಿಗೆ ಹೋಗುವ ಕಾರು ಬರುವ ತನಕ ಜಗುಲಿಯಲ್ಲಿ ಕೂತಿದ್ದರು. ಬಟ್ಟೆಯ ಚೀಲ ಹಗುರ, ಉಳಿಗಳನ್ನು ಸುತ್ತಿಟ್ಟಿದ್ದ ಪೆಟ್ಟಿಗೆ ಭಾರ. "ದೀಪಾವಳಿ ಆಗ್ತಿದ್ದಂಗೆ ಬಂದ್ಬುಡು" ಎಂದರು ಅತ್ತೆ. "ಊಂ ಕಣವ್ವ" ಎಂದರು. ಕಾರು ತಿರುವು ದಾಟುವ ತನಕ ಕಿಟಕಿಯಿಂದ ಉದ್ದನೆಯ ಕೈ ಹೊರಗಿತ್ತು.

ಬರಲಾಗಲಿಲ್ಲ. ತಾಯಿ ತೀರಿಕೊಂಡರು. ಆಮೇಲೆ ಲೋಕಕ್ಕೆಲ್ಲ ರೋಗ ಬಂದು ವಿಮಾನಗಳು ನಿಂತವು. ಆಮೇಲೆ ಅವರ ಮಂಡಿ. ಫೋನು ಮಾತ್ರ ತಪ್ಪಲಿಲ್ಲ. ಅಲ್ಲಿ ತಮ್ಮ ಹಳೆಯ ಮನೆಯ ಹಿತ್ತಿಲಲ್ಲಿ ಕಲ್ಲು ಕೆತ್ತುತ್ತಿದ್ದರು. ಅಣ್ಣ ಓದಿದ ಶಾಲೆಯವರು ಕೇಳಿದರೆಂದು ಒಂದು. ಅದನ್ನು ನೋಡಿ, ಹಾಗೆಯೇ ಮಗನನ್ನು ಕಳೆದುಕೊಂಡಿದ್ದ ಒಬ್ಬ ಮುದುಕಿ ಫೋಟೋ ಹಿಡಿದುಕೊಂಡು ಬಂದರೆಂದು ಇನ್ನೊಂದು. ಆಮೇಲೆ ಮತ್ತೊಬ್ಬರು, ಇನ್ನೊಬ್ಬರು. ಬಾಗಿಲುಗಳ ಚಿತ್ರ ಬರೆಯುತ್ತಿದ್ದವರೆಂದು ಈಗಿನ ಹುಡುಗರಿಗೆ ಗೊತ್ತೇ ಇಲ್ಲ, ಕಲ್ಲಿನ ಅಜ್ಜಿ ಎಂದೇ ಕರೆಯುತ್ತಾರೆ ಎಂದು ನಗುತ್ತಿದ್ದರು.

ಕಳೆದ ವರ್ಷ ಶ್ರಾವಣದಲ್ಲಿ ಟಪಾಲಿನ ಚೀಲದೊಳಗೆ ಅತ್ತೆಯ ಹೆಸರಿಗೆ ಒಂದು ಕಾಗದ ಬಂತು. ಓದು ಬಾರದ ನಮ್ಮ ಅತ್ತೆಯ ಹೆಸರಿಗೆ ಅಂಚೆಯಲ್ಲಿ ಬಂದ ಮೊದಲ ಕಾಗದ ಅದು. ನೀಲಮ್ಮನ ತಂಗಿಯ ಮಗಳು ಇಂಗ್ಲಿಷಿನಲ್ಲಿ ಬರೆದಿದ್ದಳು. ನಿದ್ದೆಯಲ್ಲಿಯೇ ಹೋದರಂತೆ. ಓದಿ ಹೇಳಿದೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತರು. ಆಮೇಲೆ ಸೆರಗು ಕೆಳಗಿಳಿಸಿ, "ಎಲ್ಲಿ ಮಣ್ಣು ಮಾಡವ್ರಂತೆ?" ಎಂದು ಕೇಳಿದರು.

ಅದನ್ನು ಅವಳು ಬರೆದಿರಲಿಲ್ಲ.

"ಕೇಳಿ ಬರಿ. ಇವತ್ತೇ ಬರಿ."

ಬರೆದೆ. ಉತ್ತರಕ್ಕೆ ಎರಡು ತಿಂಗಳು ಹಿಡಿಯಿತು. ಅಷ್ಟೂ ದಿನ ಅತ್ತೆ ಚೀಲ ಬಂದ ಕೂಡಲೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಕೊನೆಗೆ ಬಂದ ಲಕೋಟೆಯಲ್ಲಿ ಒಂದು ಫೋಟೋ ಇತ್ತು. ಹುಲ್ಲಿನ ನಡುವೆ ಒಂದು ಸಮಾಧಿ, ಪಕ್ಕದಲ್ಲೇ ತಾಯಿಯದು, ಹಿಂದೆ ಒಂದು ಮರ. ಫೋಟೋದ ಬೆನ್ನಿನಲ್ಲಿ ಆ ಹುಡುಗಿ ಸ್ಮಶಾನದ ಹೆಸರು, ಬೀದಿ, ಎಷ್ಟನೆಯ ಸಾಲು ಎಂದೆಲ್ಲ ಬರೆದಿದ್ದಳು. ನಾನು ಒಂದೊಂದನ್ನೇ ಕನ್ನಡ ಮಾಡಿ ಹೇಳಿದೆ. ಅತ್ತೆ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಎಲ್ಲವ್ಳೆ ಅಂತ ಗೊತ್ತಾಯ್ತಲ್ಲ" ಎಂದರು. "ಅಷ್ಟು ಸಾಕು ಕಣವ್ವ."